ವರ್ಜಿನ್ ಹೆಣ್ಣು ಅಂತ ಹಾಕಿದ್ರೂ ಮೇಟಿಂಗ್ ಆಗ್ತಿಲ್ಲ, ಗಂಡು ನೊಣ ರೆಕ್ಕೆ ಬಡಿದಿದ್ದೇ ಬಂತು, ಎಲ್ಲಿ ತಪ್ತಾ ಇದೀನಿ?

ವಯಲ್_ಹುಡುಗಿ:
ಎಲ್ರಿಗೂ ನಮಸ್ಕಾರ. ಬಿಎಸ್ಸಿ ಕೊನೇ ವರ್ಷ ನಾನು, ಪ್ರಾಜೆಕ್ಟ್‌ಗೆ ಡ್ರೊಸೊಫಿಲಾ ಕೋರ್ಟ್‌ಶಿಪ್, ಅಂದ್ರೆ ಹಣ್ಣಿನ ನೊಣದ ಗಂಡು ಹೆಣ್ಣನ್ನ ಓಲೈಸೋದು, ತಗೊಂಡಿದೀನಿ. ತಗೊಳೋವಾಗ ಸುಲಭ ಅನ್ನಿಸಿತ್ತು, ಒಂದು ಗಂಡು ಒಂದು ಹೆಣ್ಣು ವಯಲ್‌ಗೆ ಬಿಡೋದು, ಸ್ಟಾಪ್‌ವಾಚ್ ಒತ್ತೋದು, ನೋಡ್ತಾ ಕೂರೋದು ಅಷ್ಟೇ ತಾನೆ ಅಂತ. ಎರಡು ವಾರ ಆಯ್ತು, ಟೇಬಲ್ ತುಂಬಾ ಬರೀ ಸೊನ್ನೆ.

ಮಾಡಿದ್ದು ಹೇಳ್ತೀನಿ. ಸಂಜೆ 6ಕ್ಕೆ ಕಲ್ಚರ್ ಬಾಟ್ಲಿ ಖಾಲಿ ಮಾಡ್ತೀನಿ, ಮಾರನೇ ದಿನ ಕ್ಲಾಸ್ ಮುಗಿಸ್ಕೊಂಡು 11 ಗಂಟೆ ಹೊತ್ತಿಗೆ ಬಂದು ಪ್ಯೂಪಾದಿಂದ ಹೊಸದಾಗಿ ಹೊರಗೆ ಬಂದಿರೋವನ್ನ ಈಥರ್ ಕೊಟ್ಟು ಮಂಪರು ಬರಿಸಿ ಗಂಡು ಹೆಣ್ಣು ಬೇರೆ ಮಾಡ್ತೀನಿ, ಹೆಣ್ಣು ಒಂದೊಂದೇ ವಯಲ್‌ಗೆ, ಗಂಡು ಎಲ್ಲಾ ಒಂದೇ ವಯಲ್‌ಗೆ. ಅದರ ಮರುದಿನ ಸ್ವಲ್ಪವೇ ಸ್ವಲ್ಪ ಈಥರ್ ಕೊಟ್ಟು ಜೋಡಿ ಹಾಕಿ ಒಂದು ಗಂಟೆ ನೋಡ್ತೀನಿ. ಮಾಮೂಲಿ ಗಂಡಿನ ಜೊತೆ 10 ಜೋಡಿ, ಯೆಲ್ಲೋ ಬಾಡಿ ಮ್ಯುಟೆಂಟ್ ಗಂಡಿನ ಜೊತೆ 5 ಜೋಡಿ, ಹೆಣ್ಣು ಎಲ್ಲಾ ಓರೆಗಾನ್-ಕೆ ಅನ್ನೋ ಮಾಮೂಲಿ ಸ್ಟಾಕ್‌ದು. ಮೊದಲನೇದ್ರಲ್ಲಿ 3 ಆಯ್ತು, ಯೆಲ್ಲೋದ್ರಲ್ಲಿ ಒಂದೂ ಇಲ್ಲ. ಗಂಡಿನ ಕಡೆಯಿಂದ ಏನೂ ಕಮ್ಮಿ ಇಲ್ಲ ಪಾಪ, ಹಿಂದೆ ಹಿಂದೆ ಹೋಗುತ್ತೆ, ಮುಂಗಾಲಲ್ಲಿ ತಟ್ಟುತ್ತೆ, ಒಂದೇ ಒಂದು ರೆಕ್ಕೆ ಅಡ್ಡಕ್ಕೆ ಚಾಚಿ ನಡುಗಿಸುತ್ತೆ, ಹೆಣ್ಣು ಮಾತ್ರ ಹಿಂಗಾಲಲ್ಲಿ ಒದ್ದು ಓಡುತ್ತೆ, ಜಾಸ್ತಿ ಹತ್ರ ಬಂದ್ರೆ ಹೊಟ್ಟೆ ತುದಿಯಿಂದ ನಳಿಗೆ ಥರ ಏನೋ ಚಾಚಿ ಅದರ ಮುಖಕ್ಕೇ ಹಿಡಿಯುತ್ತೆ. ಅವೇ ಗಂಡುಗಳನ್ನ ಊಟ ಆದ್ಮೇಲೆ ಬೇರೆ ಹೆಣ್ಣುಗಳ ಜೊತೆ ಹಾಕಿ ನೋಡಿದೆ, ಆಗ ಇನ್ನೂ ಮಂಕು, ಮೂಲೇಲಿ ಕೂತ್ಕೊಂಡು ರೆಕ್ಕೆ ಒರೆಸ್ಕೋತಾ ಇದ್ವು.

ಇನ್ನೊಂದು, ಕೇಳೋಕೆ ಸ್ವಲ್ಪ ಮುಜುಗರ. ಗಂಡು ಎಲ್ಲಾ ಒಟ್ಟಿಗಿಟ್ಟ ವಯಲ್‌ನಲ್ಲಿ ಒಂದು ಗಂಡು ಇನ್ನೊಂದು ಗಂಡಿನ ಹಿಂದೆ ಬಿದ್ದು ಅದೇ ರೆಕ್ಕೆ ಆಟ ಆಡ್ತಿತ್ತು. ಸ್ಟಾಕೇ ಕೆಟ್ಟಿದ್ಯಾ? ಗೈಡ್ ಹತ್ರ ಕೇಳಿದ್ರೆ ರಿಪೀಟ್ ಮಾಡಮ್ಮ ಅಂತಾರೆ ಅಷ್ಟೇ.

ತೋಟದಮನೆ:
ಹಣ್ಣಿನ ನೊಣ ಅಂತ ಕಂಡು ಒಳಗೆ ಬಂದೆ, ಬೇರೆ ಏನೋ ನಡೀತಿದೆ ಇಲ್ಲಿ. ನಮ್ಮದು ಶ್ರೀನಿವಾಸಪುರದ ಕಡೆ ಮಾವಿನ ತೋಪು, ಕಾಯಿ ಬಲಿಯೋ ಟೈಮ್‌ಗೆ ಸರಿಯಾಗಿ ಚುಚ್ಚಿ ಮೊಟ್ಟೆ ಇಟ್ಟು ಹೋಗುತ್ತೆ, ಕುಯ್ದ ಮೇಲೆ ಒಳಗೆಲ್ಲಾ ಹುಳ. ಮೀಥೈಲ್ ಯೂಜಿನಾಲ್ ಟ್ರ್ಯಾಪ್ ಕಟ್ಟಿದೀವಿ, ಗಂಡು ಮಾತ್ರ ಬೀಳ್ತವೆ. ಮೇಡಂ, ನಿಮ್ಮ ಗಂಡುಗಳು ಪ್ರೀತಿ ಮಾಡ್ತಿಲ್ಲ ಅಂತ ನಿಮಗೆ ಚಿಂತೆ, ನಮ್ಮವು ಮಾಡ್ತಾವಲ್ಲ ಅಂತ ನಮಗೆ ಚಿಂತೆ. ಇವು ಅದೇ ಜಾತಿನಾ?

ಸುಮ್ಕಿರಪ್ಪ:
ಒಂದು ಗಂಟೆ ಹಿಂದೆ ಬಿದ್ದು, ಹಾಡಿ, ಒದೆ ತಿಂದು, ಮಧ್ಯಾಹ್ನ ಮೂಲೇಲಿ ಕೂತ್ಕೊಂಡ. ಇದಕ್ಕೆ ಮೈಕ್ರೋಸ್ಕೋಪ್ ಬೇಕಾ, ನಮ್ಮ ಹಾಸ್ಟೆಲ್‌ಗೆ ಬನ್ನಿ.

ರವೆಬೆಲ್ಲ:
ವಯಲ್_ಹುಡುಗಿ, ನಿಮ್ಮ ಉತ್ತರ ನಿಮ್ಮ ಪ್ರಶ್ನೆಲೇ ಇದೆ. ನಳಿಗೆ ಥರ ಏನೋ ಚಾಚಿ ಮುಖಕ್ಕೆ ಹಿಡಿಯುತ್ತೆ ಅಂದ್ರಲ್ಲ, ಅದು ಓವಿಪಾಸಿಟರ್, ಮೊಟ್ಟೆ ಇಡೋ ಅಂಗ. ಈ ಜಾತಿಲಿ ಅದನ್ನ ಪೂರ್ತಿ ಆಚೆ ಚಾಚಿ ಗಂಡನ್ನ ತಡೆಯೋದು ಮುಖ್ಯವಾಗಿ ಈಗಾಗಲೇ ಕೂಡಿರೋ ಹೆಣ್ಣಿನ ಅಭ್ಯಾಸ. ವರ್ಜಿನ್ ಹೆಣ್ಣಿಗೆ ಇಷ್ಟ ಇಲ್ದಿದ್ರೆ ಅದು ಓಡುತ್ತೆ, ಹಾರುತ್ತೆ, ಒದೆಯುತ್ತೆ, ರೆಕ್ಕೆ ಫ್ಲಿಕ್ ಮಾಡುತ್ತೆ. ಅಂದ್ರೆ ನೀವು ವರ್ಜಿನ್ ಅಂತ ಹಾಕಿದ್ರಲ್ಲಿ ಎಷ್ಟೋ ವರ್ಜಿನ್ ಅಲ್ಲ ಅನ್ನೋದು ನನ್ನ ಅನುಮಾನ.

ಸಂಜೆ 6ರಿಂದ ಬೆಳಗ್ಗೆ 11ಕ್ಕೆ 17 ಗಂಟೆ. ರೂಮ್ ಟೆಂಪರೇಚರ್‌ನಲ್ಲಿ ಅದು ಜಾಸ್ತಿ ಆಯ್ತು. 25 ಡಿಗ್ರಿಲಿ ಪ್ಯೂಪಾದಿಂದ ಹೊರಗೆ ಬಂದು ಸುಮಾರು 8 ಗಂಟೆ ತನಕ ಹೆಣ್ಣು ಸಾಮಾನ್ಯವಾಗಿ ಒಪ್ಪಲ್ಲ, ಆಮೇಲೆ ಗ್ಯಾರಂಟಿ ಇಲ್ಲ. ರಾತ್ರಿಯೆಲ್ಲಾ ಬಿಡಲೇಬೇಕು ಅಂದ್ರೆ 18 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿಡಿ, ಅಲ್ಲಿ ಎಲ್ಲಾ ನಿಧಾನ, 16 ಗಂಟೆವರೆಗೂ ನಡೆಯುತ್ತೆ. ನೊಣಗಳು ಜಾಸ್ತಿ ಹೊರಬರೋದು ಬೆಳಗಿನ ಜಾವ, ಅದಕ್ಕೇ ಎಷ್ಟೋ ಜನ ಹೀಗೆ ಮಾಡಿ ಬಚಾವಾಗ್ತಾರೆ, ಆದ್ರೆ ರಾತ್ರಿ 8ಕ್ಕೋ 10ಕ್ಕೋ ಬಂದವು ಬೆಳಗ್ಗೆ ಹೊತ್ತಿಗೆ ರೆಡಿ ಇರ್ತವೆ. ಅದಕ್ಕಿಂತ ದೊಡ್ಡ ಕಳ್ಳ ಯಾರು ಅಂದ್ರೆ ಖಾಲಿ ಮಾಡಿದೆ ಅಂದ್ಕೊಂಡ ಬಾಟ್ಲಿಲಿ ಹತ್ತಿ ಮುಚ್ಚಳದ ಸಂದಿಲೋ ಮೀಡಿಯಾಗೆ (ತಳದಲ್ಲಿರೋ ನೊಣದ ಊಟ) ಅಂಟ್ಕೊಂಡೋ ಉಳಿದಿರೋ ಒಂದೆರಡು ಹಳೇ ಗಂಡು. ಅವಕ್ಕೆ ರಾತ್ರಿಯೆಲ್ಲಾ ಪುರುಸೊತ್ತು, ಕತ್ತಲೆಲೂ ಇವು ಕೂಡ್ತವೆ. ಈಗಷ್ಟೇ ಹೊರಬಂದು ಮೈ ಗಟ್ಟಿಯಾಗದ ಹೆಣ್ಣನ್ನ ಬಲವಂತ ಮಾಡಿರೋದೂ ಕಂಡುಬಂದಿದೆ, ಹಾಗಾಗಿ 8 ಗಂಟೆ ಅನ್ನೋದನ್ನೂ ಕಣ್ಣು ಮುಚ್ಚಿ ನಂಬಬೇಡಿ.

ಪರೀಕ್ಷೆ ಸುಲಭ. ಆ ಹೆಣ್ಣುಗಳನ್ನ ಬಿಸಾಕಿಲ್ಲ ತಾನೆ? ವಯಲ್ ತಿರುಗಿಸಿ ಮೀಡಿಯಾ ನೋಡಿ. ವರ್ಜಿನ್ ಕೂಡ ಮೊಟ್ಟೆ ಇಡುತ್ತೆ, ಆದ್ರೆ ಅದು ಒಡೆಯಲ್ಲ. ಮರಿಹುಳ ಓಡಾಡ್ತಿದ್ರೆ ಕತೆ ಮುಗೀತು.

ಇನ್ನು ಕೂಡಿದ ಹೆಣ್ಣು ಯಾಕೆ ಹೀಗಾಡುತ್ತೆ ಅನ್ನೋದು ನನಗೆ ಇಡೀ ವಿಷಯದಲ್ಲಿ ಇಷ್ಟದ ಭಾಗ, ಸ್ವಲ್ಪ ಉದ್ದ ಬರೀತೀನಿ ಸಹಿಸ್ಕೊಳಿ. ಗಂಡು ವೀರ್ಯದ ಜೊತೆಗೆ ಆಕ್ಸೆಸರಿ ಗ್ರಂಥಿಯ ರಸಾನೂ ಕೊಡುತ್ತೆ, ಅದ್ರಲ್ಲಿ ಸೆಕ್ಸ್ ಪೆಪ್ಟೈಡ್ ಅಂತ ಒಂದಿದೆ, ಬರೀ 36 ಅಮೈನೋ ಆಸಿಡ್‌ನ ಚಿಕ್ಕ ಸರ. ಇದು ವೀರ್ಯಾಣುವಿನ ಬಾಲಕ್ಕೆ ಅಂಟ್ಕೊಂಡು ಹೆಣ್ಣಿನ ಒಳಗೆ ಸ್ಟೋರ್ ಆಗಿ ಅಲ್ಲಿಂದ ಸ್ವಲ್ಪ ಸ್ವಲ್ಪ ಬಿಡುಗಡೆ ಆಗ್ತಾ ಹೋಗುತ್ತೆ. ಅದರಿಂದ ಒಂದು ವಾರದಷ್ಟು ಕಾಲ ಹೆಣ್ಣು ಮೊಟ್ಟೆ ಇಡೋದು ಜಾಸ್ತಿ, ಬೇರೆ ಗಂಡನ್ನ ಸೇರಿಸೋದು ಕಮ್ಮಿ. ಅಂದ್ರೆ ನಿಮ್ಮ ವಯಲ್‌ನಲ್ಲಿ ಒದೀತಿರೋದು ಹೆಣ್ಣೇ ಆದ್ರೂ ಒದೆಸ್ತಿರೋದು ಹಿಂದಿನ ರಾತ್ರಿ ಬಂದುಹೋದ ಗಂಡು. ಹೆಣ್ಣಿಗೂ ಇದು ಪುಕ್ಕಟೆ ಅಲ್ಲ, ಈ ರಸ ಜಾಸ್ತಿ ಬಿದ್ದಷ್ಟೂ ಹೆಣ್ಣಿನ ಆಯಸ್ಸು ಕಮ್ಮಿ ಆಗುತ್ತೆ ಅಂತ 1995ರಲ್ಲೇ ತೋರಿಸಿದಾರೆ. ಇದರ ಮೇಲೆ ಸಿವಿಎ ಅನ್ನೋ ಗಂಡಿನ ವಾಸನೆ ಬೇರೆ ಅವಳ ಮೈಗೆ ಅಂಟಿರುತ್ತೆ, ಬಂದ ಹೊಸ ಗಂಡಿಗೆ ಇಲ್ಲಿ ಯಾರೋ ಬಂದು ಹೋಗಿದಾರೆ ಅಂತ ಮೂಗಿಗೇ ಗೊತ್ತಾಗುತ್ತೆ.

ಮಧ್ಯಾಹ್ನ ಗಂಡುಗಳು ಮಂಕಾಗಿದ್ದಕ್ಕೂ ಇದೇ ಕಾರಣ ಇರಬಹುದು. 1979ರಲ್ಲಿ ಸೀಗಲ್ ಮತ್ತು ಹಾಲ್ ಅನ್ನೋರು ಇದನ್ನೇ ಪ್ರಯೋಗ ಮಾಡಿದ್ರು. ಕೂಡಿದ ಹೆಣ್ಣಿನ ಜೊತೆ ಒಂದು ಗಂಟೆ ಕಳೆದ ಗಂಡು, ಆಮೇಲೆ ವರ್ಜಿನ್ ಕೊಟ್ರೂ ಎರಡು ಮೂರು ಗಂಟೆ ಅಷ್ಟಕ್ಕಷ್ಟೇ. ನೊಣದ ಮೆಮೊರಿ ಸ್ಟಡಿ ಮಾಡೋಕೆ ಇವತ್ತಿಗೂ ಇದನ್ನೇ ಬಳಸ್ತಾರೆ. ಈ ಹಾಲ್ ಯಾರು ಅಂದ್ರೆ 2017ರಲ್ಲಿ ದೇಹದ ಗಡಿಯಾರಕ್ಕೆ ನೊಬೆಲ್ ಬಂತಲ್ಲ, ಆ ಮೂವರಲ್ಲಿ ಒಬ್ರು, ಜೆಫ್ರಿ ಹಾಲ್. ಹಾಗಾಗಿ ಒಮ್ಮೆ ಬಳಸಿದ ಗಂಡನ್ನ ಅವತ್ತು ಮತ್ತೆ ಬಳಸಬೇಡಿ, ಡೇಟಾ ಹಾಳು.

ಗಂಡಿನ ಹಿಂದೆ ಗಂಡು ಬಿದ್ದಿದ್ದಕ್ಕೆ ಸ್ಟಾಕ್ ಕೆಟ್ಟಿದೆ ಅನ್ಕೋಬೇಡಿ, ಮುಜುಗರಾನೂ ಬೇಡ. ಹೊಸದಾಗಿ ಹೊರಬಂದ ಎಳೇ ಗಂಡಿನ ಮೈ ಮೇಲೆ ದೊಡ್ಡ ಗಂಡಿನ ರಾಸಾಯನಿಕ ಇನ್ನೂ ಬಂದಿರಲ್ಲ, ದೊಡ್ಡವು ಅದರ ಹಿಂದೆ ಬೀಳೋದು ಮಾಮೂಲಿ. ನಿಜವಾದ ಮ್ಯುಟೆಂಟ್ ಬೇರೆ ಇದೆ, 1963ರಲ್ಲಿ ಕುಲ್ಬೀರ್ ಗಿಲ್ ವರದಿ ಮಾಡಿದ್ದು, ಈಗ ಫ್ರೂಟ್‌ಲೆಸ್ ಅಂತ ಹೆಸರು. ಅದರಲ್ಲಿ ಗಂಡು ಗಂಡನ್ನೂ ಓಲೈಸುತ್ತೆ, ಹೆಣ್ಣನ್ನೂ ಓಲೈಸುತ್ತೆ, ಆದ್ರೆ ಮಕ್ಕಳಿಲ್ಲ. 2005ರಲ್ಲಿ ವಿಯೆನ್ನಾದಲ್ಲಿ ಡೆಮಿರ್ ಮತ್ತು ಡಿಕ್ಸನ್ ಅದೇ ಜೀನ್‌ನ ಗಂಡು ರೂಪಾನ ಹೆಣ್ಣಿನೊಳಗೆ ಬರೋಹಾಗೆ ಮಾಡಿದಾಗ ಹೆಣ್ಣುಗಳು ಬೇರೆ ಹೆಣ್ಣುಗಳ ಹಿಂದೆ ಹೋಗಿ ಒಂದು ರೆಕ್ಕೆ ಚಾಚೋಕೆ ಶುರು ಮಾಡಿದ್ವು. ಆ ರೆಕ್ಕೆ ಆಟ ಯಾರೂ ಹೇಳಿಕೊಟ್ಟಿದ್ದಲ್ಲ ನೋಡಿ, ಒಂಟಿಯಾಗಿ ಬೆಳೆದ ಗಂಡಿಗೂ ಬರುತ್ತೆ.

ಗದಗಿನ_ಗಾಳಿ:
ರವೆಬೆಲ್ಲ ಅವರು ಹೇಳಿದ್ದು ಖರೆ ಐತಿ, ಆದ್ರ ಈಥರ್ ಸುದ್ದಿ ಯಾರೂ ಎತ್ತಲಿಲ್ಲಲ್ಲ. ಜೋಡಿ ಹಾಕೂ ಮುಂದ ಸ್ವಲ್ಪ ಈಥರ್ ಕೊಟ್ಟೆ ಅಂದೀರಿ, ಅಲ್ಲೇ ಅರ್ಧ ಹಾಳಾತು. ನಶೆ ಇಳಿದು ಎದ್ದ ನಿಂತ್ರೂ ಹುಳ ನೆಟ್ಟಗ ಆಗಾಕ ಒಂದ ದಿನ ಬೇಕು. ನಾನು ಎಂಎಸ್ಸಿ ಮಾಡೂಮುಂದ ಇದ ತಪ್ಪು ಮಾಡೀನಿ, ಒಂದಕ್ಕ ಜಾಸ್ತಿ ಆಗಿ ರೆಕ್ಕಿ ಮ್ಯಾಲೆ ನಿಂತು ಸತ್ತೇ ಹೋತು, ನಾನು ಅದನ್ನ ಮತ್ತ ನಾಲ್ಕು ನಿಮಿಷ ಸುಮ್ನ ನೋಡ್ಕೋತ ಕುಂತಿದ್ದೆ. ಆಸ್ಪಿರೇಟರ್ ಮಾಡ್ಕೊರಿ, ಒಂದು ಸಣ್ಣ ಗಾಜಿನ ನಳಿಗಿ, ರಬ್ಬರ್ ಪೈಪು, ನಡುವ ಒಂದ ತುಣುಕು ಬಲಿ ಬಟ್ಟಿ, ಇಲ್ಲಾಂದ್ರ ಹುಳ ಸೀದಾ ಬಾಯಾಗ. ಬಾಯಿಲೆ ಮೆಲ್ಲಕ ಜಗ್ಗಿ ವಯಲ್‌ನ್ಯಾಗ ಉಫ್ ಅಂದ್ರ ಮುಗೀತು.

ಟೈಮೂ ನೋಡ್ರಿ, ಮುಂಜಾನೆ ಲೈಟ್ ಹತ್ತಿದ ಮ್ಯಾಲೆ ಒಂದೆರಡ ತಾಸಿನೊಳಗ ಚಲೋ ಆಡ್ತಾವ, ಊಟದ ಮ್ಯಾಲೆ ನಮ್ಮಂಗ ಅವಕ್ಕೂ ನಿದ್ದಿ. ವಯಲ್ ಭಾಳ ದೊಡ್ಡದಿದ್ರ ಒಂದಕ್ಕೊಂದು ಸಿಗಂಗೇ ಇಲ್ಲ, ಸಣ್ಣ ಜಾಗದಾಗ ಬಿಡ್ರಿ.

ಸುಮ್ಕಿರಪ್ಪ:
ತಿರಸ್ಕಾರ ಆದ ಗಂಡು ನೊಣ ಎಣ್ಣೆ ಹೊಡೆಯುತ್ತೆ ಅಂತ ಎಲ್ಲೋ ಫಾರ್ವರ್ಡ್ ಬಂದಿತ್ತು, ಅದು ನಿಜಾನಾ ಇಲ್ಲ ವಾಟ್ಸಾಪ್ ಯೂನಿವರ್ಸಿಟಿದಾ?

ರವೆಬೆಲ್ಲ:
ನಿಜ. 2012ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು, ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬ್. ದಿನಕ್ಕೆ ಮೂರು ಸಲ ಒಂದೊಂದು ಗಂಟೆ, ನಾಲ್ಕು ದಿನ, ಕೂಡಿದ ಹೆಣ್ಣುಗಳ ಕೈಲಿ ತಿರಸ್ಕಾರ ಮಾಡಿಸಿದ್ರು. ಆಮೇಲೆ ಮಾಮೂಲಿ ಊಟ ಒಂದು ಕಡೆ, 15 ಪರ್ಸೆಂಟ್ ಆಲ್ಕೋಹಾಲ್ ಸೇರಿಸಿದ ಊಟ ಒಂದು ಕಡೆ ಇಟ್ರೆ ಇವು ಎರಡನೇದ್ರ ಕಡೆ ಜಾಸ್ತಿ ಹೋದ್ವು. ಮೆದುಳಲ್ಲಿ ಎನ್‌ಪಿಎಫ್ ಅನ್ನೋ ಒಂದು ಪೆಪ್ಟೈಡ್ ಕಮ್ಮಿಯಾಗಿತ್ತು, ಕೂಡಿದ ಗಂಡುಗಳಲ್ಲಿ ಜಾಸ್ತಿ ಇತ್ತು. ಪೇಪರ್‌ನವರು ಇದನ್ನ ದುಃಖ ಮರೆಯೋಕೆ ಕುಡೀತವೆ ಅಂತ ಬರೆದ್ರು. ನೊಣಕ್ಕೆ ದುಃಖ ಇದೆಯಾ ಅಂತ ಆ ಪ್ರಯೋಗ ಕೇಳೇ ಇಲ್ಲ, ಒಂದು ಖುಷಿ ಸಿಗದಿದ್ರೆ ಇನ್ನೊಂದನ್ನ ಹುಡುಕುತ್ತೆ ಅನ್ನೋವಷ್ಟೇ ಅದು ಹೇಳೋದು. ಹಣ್ಣು ಕೊಳೆತು ಹುಳಿ ಬಂದ ಕಡೆ ಬದುಕೋ ಜೀವಕ್ಕೆ ಆಲ್ಕೋಹಾಲ್ ಅಂದ್ರೆ ಮನೆ ವಾಸನೆ ಸ್ವಾಮಿ.

ತೋಟದಮನೆ ಅವರೇ, ಎರಡೂ ಬೇರೆ ಬೇರೆ ಕುಟುಂಬ. ಇವರದು ಬಾಳೆಹಣ್ಣಿನ ಬುಟ್ಟಿ ಮೇಲೆ ಗುಂಗುರು ಥರ ಹಾರಾಡೋ ಮೂರು ಮಿಲಿಮೀಟರ್‌ನ ಕೆಂಪುಕಣ್ಣಿಂದು, ಕೊಳೆತ ಹಣ್ಣಿನ ಈಸ್ಟ್ ತಿನ್ನುತ್ತೆ, ಚೆನ್ನಾಗಿರೋ ಮಾವಿನಕಾಯಿಗೆ ಏನೂ ಮಾಡಲ್ಲ. ನಿಮ್ಮದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್, ಕಣಜದ ಥರ ಕಾಣೋ ದೊಡ್ಡ ನೊಣ. ಅದರ ಪ್ರೇಮ ಪ್ರಕರಣ ಇನ್ನೂ ಮಜಾ. ಗಂಡು ಮೀಥೈಲ್ ಯೂಜಿನಾಲ್‌ನ ಬರೀ ಮೂಸೋದಲ್ಲ, ತಿನ್ನುತ್ತೆ. ಕೆಲವು ಹೂವು ಎಲೆಗಳಲ್ಲಿ ಇದು ತಾನಾಗೇ ಇರುತ್ತೆ, ತುಳಸಿಲೂ ಇದೆ. ತಿಂದಿದ್ದನ್ನ ಮೈಯೊಳಗೆ ಬದಲಾಯಿಸಿ ಗುದದ ಹತ್ರ ಒಂದು ಗ್ರಂಥಿಲಿ ಕೂಡಿಟ್ಟು ಮುಸ್ಸಂಜೆ ಹೊತ್ತಲ್ಲಿ ರೆಕ್ಕೆ ಬಡಿದು ಅದರ ಸುವಾಸನೆ ಹರಡುತ್ತೆ, ಹೆಣ್ಣು ಬರೋದು ಅದಕ್ಕೆ. ಅಂದ್ರೆ ನಿಮ್ಮ ಟ್ರ್ಯಾಪ್ ಗಂಡಿಗೆ ಹೆಣ್ಣು ತೋರಿಸಿ ಮೋಸ ಮಾಡ್ತಿಲ್ಲ, ಸೆಂಟ್ ಅಂಗಡಿ ತೋರಿಸಿ ಮಾಡ್ತಿದೆ. ಆದ್ರೆ ಉಳಿದ ಕೆಲವೇ ಗಂಡು ಎಷ್ಟೋ ಹೆಣ್ಣಿಗೆ ಸಾಕಾಗುತ್ತೆ, ಹಾಗಾಗಿ ಕಾಯಿ ಬಲಿಯೋಕೆ ಎಷ್ಟೋ ಮುಂಚೆನೇ ಕಟ್ಟಬೇಕು, ಪಕ್ಕದ ತೋಟದವರೂ ಕಟ್ಟಬೇಕು, ಬಿದ್ದ ಕಾಯಿ ಆಯ್ದು ಆಳಕ್ಕೆ ಹೂಳಬೇಕು. ಇದೇ ಜಾತಿಗೆ ಹತ್ತಿರದ ಸೋರೆ ಹಾಗಲದ ನೊಣಾನ ಜಪಾನಿನ ಓಕಿನಾವಾದಲ್ಲಿ ಬಂಜೆ ಮಾಡಿದ ನೊಣಗಳನ್ನ ರಾಶಿ ರಾಶಿ ಬಿಟ್ಟು 1993ರ ಹೊತ್ತಿಗೆ ಪೂರ್ತಿ ನಿರ್ನಾಮ ಮಾಡಿದ್ರು, ಅಲ್ಲಿ ದ್ವೀಪ, ನಮ್ಮಲ್ಲಿ ಹಾಗೆ ಆಗೋದು ಕಷ್ಟ.

ತೋಟದಮನೆ:
ಪಕ್ಕದ ತೋಟದವರು ಕಟ್ಟಬೇಕು ಅಂದ್ರಲ್ಲ, ಅಲ್ಲೇ ಇರೋದು ಕಷ್ಟ. ತುಳಸಿ ವಿಷಯ ಗೊತ್ತಿರಲಿಲ್ಲ, ನಮ್ಮ ಅಜ್ಜಿ ತುಳಸಿಕಟ್ಟೆ ಹತ್ರ ಈ ನೊಣ ಕೂರುತ್ತೆ ಅಂತ ಯಾವಾಗಲೂ ಬೈತಿತ್ತು.

ವಯಲ್_ಹುಡುಗಿ:
ಅಯ್ಯೋ ದೇವ್ರೇ. ಈಗಷ್ಟೇ ಲ್ಯಾಬ್‌ನಿಂದ ಬಂದೆ. ಹೆಣ್ಣುಗಳನ್ನ ಟ್ರಯಲ್ ಆದ್ಮೇಲೆ ಮೀಡಿಯಾ ವಯಲ್‌ಗೆ ಒಂದೊಂದೇ ಬಿಟ್ಟು ಮರೆತುಬಿಟ್ಟಿದ್ದೆ, ಮೂರು ದಿನ ಆಗಿತ್ತು. ಮಾಮೂಲಿ ಗಂಡಿನ ಗುಂಪಲ್ಲಿ ಕೂಡದೇ ಉಳಿದಿದ್ದ 7ರಲ್ಲಿ 5 ವಯಲ್‌ನಲ್ಲಿ ಮರಿಹುಳ ಓಡಾಡ್ತಿವೆ!! ಯೆಲ್ಲೋ ಗುಂಪಲ್ಲಿ 5ರಲ್ಲಿ 2. ಗೈಡ್‌ಗೆ ತೋರಿಸಿದೆ, ಅವರು ಕನ್ನಡಕ ತೆಗೆದು ನೋಡಿ ಹೂಂ ರಿಪೀಟ್ ಮಾಡಮ್ಮ ಅಂದ್ರು.

ಒಂದು ಅರ್ಥ ಆಗ್ತಿಲ್ಲ. ಯೆಲ್ಲೋ ಗುಂಪಲ್ಲಿ ಉಳಿದ 3 ಹೆಣ್ಣು ವರ್ಜಿನ್ನೇ ಆಯ್ತಲ್ಲ, ಅವು ಯಾಕೆ ಒಪ್ಪಲಿಲ್ಲ? ಬಣ್ಣ ಇಷ್ಟ ಆಗಲ್ವಾ?

ರವೆಬೆಲ್ಲ:
ಇದನ್ನ ನೀವು ಕೇಳಿದ್ರಿ ನೋಡಿ, ಇದು ನೂರು ವರ್ಷದ ಪ್ರಶ್ನೆ. ಯೆಲ್ಲೋ ಗಂಡುಗಳು ಮಾಮೂಲಿ ಹೆಣ್ಣಿನ ಹತ್ರ ಸೋಲ್ತವೆ ಅಂತ 1915ರಲ್ಲೇ ಸ್ಟರ್ಟಿವಂಟ್ ಬರೆದಿದ್ರು, ಮಾರ್ಗನ್ ಅವರ ಶಿಷ್ಯ, ಕೊಲಂಬಿಯಾ ಯೂನಿವರ್ಸಿಟಿಯ ನೊಣದ ಕೋಣೆಯವರು. ಯಾಕೆ ಅಂತ ಒಬ್ಬೊಬ್ರು ಒಂದೊಂದು ಹೇಳಿದ್ರು. 1956ರಲ್ಲಿ ಮಾರ್ಗರೆಟ್ ಬ್ಯಾಸ್ಟಾಕ್ ಕೂತು ನೋಡಿ, ಇವು ರೆಕ್ಕೆ ನಡುಗಿಸೋದೇ ಕಮ್ಮಿ, ಓಲೈಸೋದು ಸಾಲದು ಅಂದ್ರು. ಬಹಳ ವರ್ಷ ಅದೇ ಪಾಠ ಆಗಿತ್ತು, ಒಂದು ಜೀನ್ ನಡವಳಿಕೆನೇ ಬದಲಾಯಿಸುತ್ತೆ, ಮೆದುಳಿನ ತೊಂದರೆ ಅಂತ. 2019ರಲ್ಲಿ ಹೈಸ್ಪೀಡ್ ವಿಡಿಯೋ ಮಾಡಿ ನೋಡಿದವರಿಗೆ ಸಿಕ್ಕಿದ್ದು ಬೇರೆನೇ. ಗಂಡಿನ ಮುಂಗಾಲಲ್ಲಿ ಸೆಕ್ಸ್ ಕೋಂಬ್ ಇರುತ್ತಲ್ಲ, ಬಾಚಣಿಗೆ ಥರ ಹತ್ತು ಹನ್ನೆರಡು ಕಪ್ಪು ಹಲ್ಲು, ನೀವು ಗಂಡು ಗುರುತಿಸೋದೇ ಅದರಿಂದ. ಯೆಲ್ಲೋದಲ್ಲಿ ಅದಕ್ಕೆ ಮೆಲನಿನ್ ಇಲ್ಲ, ಹಲ್ಲಿನ ಆಕಾರ ಕೆಟ್ಟು ಬಲ ಇಲ್ಲ, ಹತ್ತೋಕೆ ಹೋದಾಗ ಹೆಣ್ಣನ್ನ ಹಿಡಿಯೋಕೇ ಆಗಲ್ಲ, ಜಾರುತ್ತೆ. ಮೆದುಳಿನ ಕಾಯಿಲೆ ಅಂತ ಅಷ್ಟು ವರ್ಷ ಅಂದಿದ್ದು ಕೊನೆಗೆ ಬಾಚಣಿಗೆ ಹಲ್ಲಿನ ಸಮಸ್ಯೆ. ನನಗೆ ಓದಿದ ದಿನ ನಗು ತಡೆಯೋಕಾಗಲಿಲ್ಲ.

ಹಾಗಾಗಿ ನಿಮ್ಮ ಪ್ರಾಜೆಕ್ಟ್‌ನಲ್ಲಿ ಕೂಡ್ತಾ ಇಲ್ವಾ ಅಂತ ಮಾತ್ರ ಬರೀಬೇಡಿ, ಎಷ್ಟು ಸಲ ಹತ್ತೋಕೆ ಪ್ರಯತ್ನ ಮಾಡ್ತು, ಎಷ್ಟು ಸಲ ಜಾರ್ತು ಅದನ್ನೂ ಎಣಿಸಿ. ಅದೇ ನಿಮ್ಮ ರಿಸಲ್ಟ್. ಸ್ಟಾಕ್ ಹೇಗೆ ಉಳೀತಿದೆ ಅಂತ ಮುಂದೆ ಕೇಳ್ತೀರ, ದಿನಗಟ್ಟಲೆ ಒಟ್ಟಿಗೆ ಬಿಟ್ರೆ ಹೇಗೋ ಆಗುತ್ತೆ, ಒಂದು ಗಂಟೆಲಿ ಕಷ್ಟ.

ಹಾಡಿನ ವಿಷಯ ಬಿಟ್ಟೇಹೋಯ್ತು. ಆ ರೆಕ್ಕೆ ನಡುಗೋದು ಹೆಣ್ಣಿಗೆ ಕೇಳೋ ಹಾಡು, ಕಿವಿ ಇಲ್ಲ, ಮೀಸೆಯ ಗರಿ ಥರದ ಅರಿಸ್ಟಾದಲ್ಲಿ ಕೇಳಿಸ್ಕೊಳುತ್ತೆ. ಟಕ್ ಟಕ್ ಅಂತ ಬಡಿತ, ಒಂದು ಬಡಿತಕ್ಕೂ ಇನ್ನೊಂದಕ್ಕೂ ಸುಮಾರು 35 ಮಿಲಿಸೆಕೆಂಡ್. ಅದೇ ಅಕ್ಕತಂಗಿ ಜಾತಿ ಸಿಮ್ಯುಲನ್ಸ್‌ನಲ್ಲಿ 50ರ ಆಸುಪಾಸು, ತಾಳ ತಪ್ಪಿದ್ರೆ ಹೆಣ್ಣು ನಿಲ್ಲಲ್ಲ. ಇಷ್ಟ ಆದ ಹೆಣ್ಣು ಏನೂ ದೊಡ್ಡದಾಗಿ ಮಾಡಲ್ಲ, ನಡಿಗೆ ನಿಧಾನ ಮಾಡುತ್ತೆ ಅಷ್ಟೇ, ನೀವು ನೋಡಬೇಕಾದ್ದು ಅದನ್ನ.

ಇನ್ನು ಹೀಗೆ ಮಾಡಿ. ಬೆಳಗ್ಗೆ ಬೇಗ ಹೋಗಿ ಬಾಟ್ಲಿ ಖಾಲಿ ಮಾಡಿ, ನಾಲ್ಕೈದು ಗಂಟೆಗೊಂದ್ಸಲ ಆರಿಸಿ. ಮೈ ಬೆಳ್ಳಗಿದ್ದು ಹೊಟ್ಟೆಲಿ ಕಪ್ಪು ಹಸಿರು ಚುಕ್ಕೆ ಕಾಣೋ ಹೆಣ್ಣು ಸಿಕ್ರೆ ಕಣ್ಣು ಮುಚ್ಚಿ ತಗೊಳಿ, ಅದು ಮೆಕೋನಿಯಂ, ಹೊರಬಂದು ಸ್ವಲ್ಪವೇ ಹೊತ್ತಾಗಿದೆ ಅಂತ. ಗಂಡನ್ನೂ ಒಂದೊಂದೇ ಇಡಿ. ನಾಲ್ಕೈದು ದಿನ ಬಿಡಿ, ಒಂದು ದಿನದ ಹೆಣ್ಣು ಇನ್ನೂ ಎಳೇದು, ಮತ್ತೆ ಆ ನಾಲ್ಕು ದಿನದಲ್ಲಿ ಯಾರ ವಯಲ್‌ನಲ್ಲಿ ಮರಿಹುಳ ಬಂತೋ ಅದನ್ನ ಪಕ್ಕಕ್ಕಿಡಬಹುದು. ಮೀಡಿಯಾ ಏನು ಬಳಸ್ತಿದೀರ? ನಾವು ಮೈಸೂರಲ್ಲಿ ಮಾಡ್ತಿದ್ದಿದ್ದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಷ್ಟು ಬರದಂಗೆ 7.5 ಎಂಎಲ್ ಪ್ರೊಪಿಯೋನಿಕ್ ಆಸಿಡ್. ಕುದಿಯೋವಾಗ ಇಡೀ ಕಾರಿಡಾರ್ ಕೇಸರಿಬಾತ್ ವಾಸನೆ, ಆಸಿಡ್ ಹಾಕಿದ ಮೇಲೆ ಅಲ್ಲ. ನನ್ನ ಹೆಸರು ಅಲ್ಲಿಂದ ಬಂದಿದ್ದು. ಮಾನಸಗಂಗೋತ್ರಿಲಿ ಸ್ಟಾಕ್ ಸೆಂಟರ್ ಇದೆ, ಹೊಸ ಸ್ಟಾಕ್ ಬೇಕಿದ್ರೆ ಕಾಲೇಜಿನ ಲೆಟರ್ ಹಿಡ್ಕೊಂಡು ಕೇಳಿ ನೋಡಿ.

ಗದಗಿನ_ಗಾಳಿ:
ಮತ್ತ ಆಸ್ಪಿರೇಟರ್‌ನ್ಯಾಗ ಬಲಿ ಬಟ್ಟಿ ಮರೀಬ್ಯಾಡ್ರಿ.

ವಯಲ್_ಹುಡುಗಿ:
ಒಂದು ವಾರ ಆದ್ಮೇಲೆ ಬರೀತಿದೀನಿ. ಇವತ್ತು ಬೆಳಗ್ಗೆ ಎಂಟೂವರೆಗೆ ಲ್ಯಾಬ್ ತೆಗೆಸಿದೆ, ಅಟೆಂಡರ್ ಅಣ್ಣ ಬೈಕೊಂಡೇ ಬೀಗ ತೆಗೆದ್ರು. ಐದು ದಿನದ ಹೆಣ್ಣು, ಆಸ್ಪಿರೇಟರ್, ಈಥರ್ ಇಲ್ಲ. ಮಾಮೂಲಿ ಗಂಡು 10ರಲ್ಲಿ 8 ಆಯ್ತು!! ಮೊದಲನೇದು ಬಿಟ್ಟು ನಾಲ್ಕು ನಿಮಿಷಕ್ಕೆ, ಒಮ್ಮೆ ಹತ್ತಿದ ಮೇಲೆ 17, 18 ನಿಮಿಷ ಕೂತೇ ಇರ್ತವೆ, ಆ ಹೆಣ್ಣು ನಿಧಾನ ಆಗೋದು ನೀವು ಹೇಳಿದ ಮೇಲೆ ಕಣ್ಣಿಗೆ ಬಿತ್ತು, ಮುಂಚೆ ನಾನು ಬರೀ ಗಂಡನ್ನೇ ನೋಡ್ತಿದ್ದೆ. ಯೆಲ್ಲೋ 10ರಲ್ಲಿ 1, ಒಂದು ಗಂಡು 23 ಸಲ ಹತ್ತೋಕೆ ನೋಡಿ 23 ಸಲಾನೂ ಜಾರ್ತು, ಎಣಿಸ್ತಾ ಎಣಿಸ್ತಾ ನನಗೇ ಸಂಕಟ ಆಯ್ತು. ಒಂದು ಜೋಡಿದು ಮಾತ್ರ ಟೈಮಿಂಗ್ ಇಲ್ಲ, ಆಗ್ತಿದೆ ಅನ್ನೋ ಖುಷಿಲಿ ಸ್ಟಾಪ್‌ವಾಚ್ ಒತ್ತೋದೇ ಮರೆತೆ.